ರಾಣಿ ಕರಾಳದೇವಿಗೆ ಸೀರೆ ಸಿಗಲಿಲ್ಲ

"ಆಗೂದಿಲ್ಲ" ಎಂದವರು ಹಾರ್ಮೋನಿಯಂ ವೆಂಕಣ್ಣನವರು. ಪುಣೆಯ ಶುಕ್ರವಾರ ಪೇಟೆಯಲ್ಲಿ ಧಾರವಾಡ, ಬೆಳಗಾವಿ ಕಡೆಯ ಗುಮಾಸ್ತರು, ಅಂಗಡಿಕಾರರು ಸೇರಿ ಒಂದು ನಾಟಕ ಸಂಘ ಕಟ್ಟಿಕೊಂಡಿದ್ದೆವು. ವೆಂಕಣ್ಣನವರು ಅದರ ಮಾಸ್ತರರು. ಅವರು ಆಗುವುದಿಲ್ಲ ಎಂದದ್ದು ಅಲ್ಲಿಯವರೆಗೆ ಒಮ್ಮೆಯೂ ಆಗಿರಲಿಲ್ಲ.

"ಹೆಣ್ಣು ಕೆಟ್ಟಾಕಿ ಆಗಬಹುದು, ಅದಕ್ಕ ನನ್ನ ತಕರಾರಿಲ್ಲ," ಎಂದರು ಅವರು, ನನ್ನ ನಾಟಕದ ಹಸ್ತಪ್ರತಿಯನ್ನು ತೂಗಿ ನೋಡುತ್ತ. "ಆದ್ರ ನಾಟಕದಾಗ ಭಾರೀ ಕೆಟ್ಟಾಕಿ ಆಗಲಿಕ್ಕೆ ಬರೂದಿಲ್ಲ. ಐದು ಅಂಕ ಜನರನ್ನ ಅಂಜಸಬೇಕಂದ್ರ ಬುದ್ಧಿ ಬೇಕು, ಧ್ವನಿ ಬೇಕು, ಮೀಸಿ ಬೇಕು. ಇಂಥಾ ನಾಟಕ ಎಲ್ಲೆರೆ ನೋಡೀರೇನು?"

ನೋಡಿರಲಿಲ್ಲ. ಅದೇ ನನ್ನ ತಕರಾರು. ನಾನು ಅಲ್ಲಿಯವರೆಗೆ ನೋಡಿದ ಎಲ್ಲ ನಾಟಕಗಳಲ್ಲಿಯೂ ಕೆಡುಕನ್ನೆಲ್ಲ ಗಂಡಸರೇ ಗುತ್ತಿಗೆ ಹಿಡಿದಿದ್ದರು. ರಾಜ್ಯ ಕದಿಯುವವನು ಗಂಡಸು, ವಿಷ ಅರೆಯುವವನು ಗಂಡಸು, ಮೀಸೆ ತಿರುವಿ ಗಹಗಹಿಸಿ ನಗುವವನೂ ಗಂಡಸು. ಹೆಂಗಸಿನ ಪಾಲಿಗೆ ಬರುತ್ತಿದ್ದದ್ದು ಒಂದಿಷ್ಟು ಚಾಡಿ, ಒಂದಿಷ್ಟು ಸವತಿ ಮತ್ಸರ. ಅದನ್ನೂ ಆಕೆ ಕೊನೆಯವರೆಗೆ ಉಳಿಸಿಕೊಳ್ಳುವ ಹಾಗಿರಲಿಲ್ಲ. ಐದನೆಯ ಅಂಕದಲ್ಲಿ ಅತ್ತು, ಎಲ್ಲರ ಕಾಲಿಗೆ ಬಿದ್ದು, ಒಂದು ಹಾಡು ಹೇಳಿ ಒಳ್ಳೆಯವಳಾಗಿಬಿಡಬೇಕು.

ನಾನು ಬಿ.ಎ. ಇದನ್ನು ಹೇಳದೆ ನಾನು ಮುಂದೆ ಹೋಗಲಾರೆ, ಆಗಲೂ ಹೋಗುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಮನುಷ್ಯ ನಾನು. ಹೆತ್ತ ತಾಯಿ ಬೇಗ ಹೋದಳು. ಅಪ್ಪ ನರಗುಂದದ ಕಡೆ ಹೊಲದಲ್ಲಿ ಉಳಿದ. ಸೋದರತ್ತೆ ಗಂಗವ್ವ ನನ್ನನ್ನು ಪುಣೆಗೆ ಕರೆತಂದು, ಖಾನಾವಳಿ ತೆರೆದು, ರೊಟ್ಟಿ ಬಡಿದು ಬಡಿದು ನನ್ನನ್ನು ಬಿ.ಎ. ಮಾಡಿದಳು. ಅಷ್ಟು ಓದಿದ ನನಗೆ ಸಂಘವು ಕೊಟ್ಟ ಪಾತ್ರ ಯಾವುದು? ನಾಲ್ಕನೆಯ ಕಾವಲುಗಾರ. ಭಾಲೆ ಎಂಬ ಈಟಿ ಹಿಡಿದು "ಅಪ್ಪಣೆ ಪ್ರಭೂ" ಎನ್ನುವುದು. ಮೂರು ವರ್ಷ ಅಪ್ಪಣೆ ಪ್ರಭೂ ಎಂದಿದ್ದೆ.

ಆದ್ದರಿಂದ ರಾಣಿ ಕರಾಳದೇವಿಯನ್ನು ಸೃಷ್ಟಿಸಿದೆ. ಗಂಡನನ್ನು ಕೊಂದು ಪಟ್ಟವೇರಿ, ಸೊಸೆಗೆ ವಿಷ ಹಾಕಿ, ಐದನೆಯ ಅಂಕದಲ್ಲಿಯೂ ಪಶ್ಚಾತ್ತಾಪಪಡದೆ ಸಿಂಹಾಸನದ ಮೇಲೆಯೇ ಕೂತು ಪರದೆ ಬೀಳಿಸುವ ಹೆಂಗಸು. ವೆಂಕಣ್ಣನವರೊಡನೆ ಒಪ್ಪಂದವಾಯಿತು. ಜನ ಕರಾಳದೇವಿಗೆ ಹೆದರಿದರೆ ಮುಂದೆ ಸಂಘದ ನಾಟಕಗಳನ್ನು ನಾನೇ ಬರೆಯುವುದು. ಜನ ನಕ್ಕರೆ ಮತ್ತೆ ಪೆನ್ನು ಮುಟ್ಟದೆ ಜೀವಮಾನವಿಡೀ ಭಾಲೆ ಹಿಡಿಯುವುದು. ನಾನು ನಕ್ಕು ಒಪ್ಪಿದೆ. ಬಿ.ಎ. ಆದವನಿಗೆ ಹೆದರಿಸಲು ಬರುವುದಿಲ್ಲವೇ?

ಮೊದಲ ತೊಡಕು ಸೀರೆಯದು. ನಮ್ಮ ಸಂಘದಲ್ಲಿ ಬಟ್ಟೆಯ ಪೆಟ್ಟಿಗೆ ಎಂಬುದಿರಲಿಲ್ಲ. ಸ್ತ್ರೀಪಾತ್ರಗಳನ್ನೆಲ್ಲ ಗಂಡಸರೇ ಮಾಡುತ್ತಿದ್ದರು, ಸೀರೆ ಮಾತ್ರ ಸದಸ್ಯರ ಮನೆಗಳಿಂದ ಬರಬೇಕು. ತಮ್ಮ ಸೀರೆ ರಂಗದ ಮೇಲೆ ಓಡಾಡುವುದನ್ನು ನೋಡಲು ಹೆಂಗಸರ ಸಾಲು ಅರ್ಧ ಗಂಟೆ ಮೊದಲೇ ತುಂಬುತ್ತಿತ್ತು. ಪತಿವ್ರತೆಯಾದ ಸೊಸೆಗೆ ಏಳು ಮನೆಗಳಿಂದ ಸೀರೆ ಬಂದವು. ಕರಾಳದೇವಿಗೆ ಒಂದೂ ಬರಲಿಲ್ಲ.

ನನ್ನ ಹೆಂಡತಿ ಶಾಂತವ್ವನನ್ನೇ ಕೇಳಿದೆ.

"ಯಾವ ಸೀರಿ ಬೇಕ್ರಿ?"

"ನಿನ್ನ ಲಗ್ನದ ಇಳಕಲ್ಲ ಸೀರಿ. ರಾಣಿ ಅಲ್ಲೇನು, ಜೋರು ಇರಬೇಕು."

"ಆಕಿ ಗಂಡನ್ನ ಕೊಲ್ತಾಳಂತಲ್ರಿ?"

"ಎರಡನೇ ಪ್ರವೇಶದಾಗ."

"ನನ್ನ ಲಗ್ನದ ಸೀರಿ ಉಟಗೊಂಡು ಆಕಿ ಗಂಡನ್ನ ಕೊಲ್ಲೂದು, ಮರದಿನ ಅದನ್ನ ನಾ ಉಟಗೊಂಡು ನಿಮಗ ಊಟಕ್ಕ ಬಡಸೂದು. ನಡೀತದೇನ್ರಿ?"

ನಡೆಯುವುದಿಲ್ಲವೆಂದು ನನಗೇ ತೋರಿತು.

ಎರಡನೆಯ ತೊಡಕು ನಟನದು. ನಮ್ಮ ಸ್ತ್ರೀಪಾತ್ರದ ಗುಂಡಪ್ಪ ರೇಲ್ವೆ ಆಫೀಸಿನಲ್ಲಿ ಗುಮಾಸ್ತ. ತೆಳ್ಳಗೆ, ಬೆಳ್ಳಗೆ, ಸೀರೆ ಉಟ್ಟರೆ ದೃಷ್ಟಿ ತೆಗೆಯಬೇಕು ಎನ್ನುವಂತಿದ್ದ. ಅವನು ಸೊಸೆಯ ಪಾತ್ರವನ್ನು ಬಿಟ್ಟು ಕದಲಲಿಲ್ಲ. "ನನಗ ಹೆಣ್ಣ ಕೊಡೋವ್ರು ನಾಟಕಕ್ಕ ಬರೋವ್ರಿದ್ದಾರ್ರಿ. ಸೀರಿ ಉಟ್ಟದ್ದನ್ನ ಹೆಂಗೋ ತಡಕೋತಾರ. ವಿಷಾ ಹಾಕೂದನ್ನ ತಡಕೊಳ್ಳೂದಿಲ್ಲ." ಉಳಿದವರನ್ನು ಕೇಳಿದೆ. ಒಬ್ಬನಿಗೆ ಕೆಮ್ಮು, ಒಬ್ಬನಿಗೆ ವರ್ಗಾವಣೆ, ಒಬ್ಬನಿಗೆ ಅವನ ತಾಯಿಯ ಆಣೆ. ರಾಕ್ಷಸನಾಗಲು ಜಗಳವಾಡುತ್ತಿದ್ದ ಗಂಡಸರು ಕೆಟ್ಟ ಹೆಂಗಸಾಗಲು ಒಬ್ಬರೂ ತಯಾರಿಲ್ಲ. ಕೊನೆಗೆ ನಾನೇ ಮೀಸೆ ಬೋಳಿಸಿದೆ.

ಅಪ್ಪ ಬದುಕಿರುವವರೆಗೆ ಮೀಸೆ ತೆಗೆಯಬಾರದೆಂಬ ಪದ್ಧತಿ ನನಗೆ ಗೊತ್ತಿತ್ತು. ಅದು ಇಡೀ ಆಫೀಸಿಗೂ ಗೊತ್ತಿದೆ ಎಂಬುದನ್ನು ಮರೆತಿದ್ದೆ. ಸೋಮವಾರ ಒಳಗೆ ಕಾಲಿಟ್ಟೊಡನೆ ನಮ್ಮ ಮರಾಠಿ ಹೆಡ್‌ಕ್ಲಾರ್ಕರು ಕುರ್ಚಿಯಿಂದ ಎದ್ದರು. "ಅರೇರೇ, ವಡೀಲ ಗೇಲೇ ಕಾ?" ಎಂದು, ತಂದೆ ಹೋದರೇ ಎಂದು ಕೇಳಿ, ನನ್ನ ಕೈ ಹಿಡಿದುಕೊಂಡರು. ಇಲ್ಲ, ನಾಟಕಕ್ಕಾಗಿ, ನಾನು ರಾಣಿ ಎಂದು ಹೇಳಿದೆ. ದುಃಖದಲ್ಲಿ ಬುದ್ಧಿ ಕದಡಿದೆ ಎಂದು ಅವರು ತಿಳಿದು ಎರಡು ದಿನ ರಜೆ ಕೊಟ್ಟರು. ಮಾತು ಬಾಯಿಪಾಠ ಮಾಡಲು ಬೇಕಾಗಿತ್ತು, ತೆಗೆದುಕೊಂಡೆ. ಸಂಜೆಗೆ ಅವರ ಮನೆಯಿಂದ ಸೂತಕದ ಬುತ್ತಿ ಬಂದಿತು.

ಅತ್ತೆ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು, ನನ್ನ ಮೇಲ್ದುಟಿಯನ್ನು ನೋಡಿದಳು.

"ನಿಮ್ಮಪ್ಪಂದು ಇವತ್ತ ಕಾಗದ ಬಂದದ. ಶಾಂತವ್ವ ಓದಿದ್ಲು. ಎರಡು ಚೀಲ ಜ್ವಾಳಾ ಹಾಕಿ ಕಳಸ್ತಾನಂತ. ಸತ್ತಾವ ಹೆಂಗ ಕಳಸ್ತಾನ ಬಸೂ?"

ಅಷ್ಟೇ ಕೇಳಿದಳು. ಬೈಯಲಿಲ್ಲ, ಕೂಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಎದ್ದೇಳುವ ಮೊದಲೇ ನಾನು ಆಫೀಸಿಗೆ ಹೋಗಿ ರಜೆಯನ್ನು ಮರಳಿಸಿದೆ.

ಗಂಗವ್ವನ ಖಾನಾವಳಿಯಲ್ಲಿ ದಿನಕ್ಕೆ ನಲವತ್ತು ಗಂಡಸರು ಉಣ್ಣುತ್ತಿದ್ದರು. ಆಕೆ ದನಿ ಏರಿಸಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಏಳಹೊರಟವನ ಮುಂದೆ ಬಂದು ನಿಂತು "ಯಾಕಪಾ, ಸೇರಲಿಲ್ಲೇನು?" ಎನ್ನುವಳು. ಅವನು ಮತ್ತೆ ಕೂತು ಆ ಅರ್ಧವನ್ನೂ, ಮೇಲೆ ಇನ್ನೊಂದನ್ನೂ ತಿಂದು ಏಳುವನು. ಇದನ್ನು ನಾನು ಇಪ್ಪತ್ತು ವರ್ಷ ನೋಡಿದ್ದೆ. ನೋಡಿಯೂ ನನ್ನ ಕರಾಳದೇವಿಯನ್ನು ಪುಸ್ತಕಗಳಲ್ಲಿ ಹುಡುಕುತ್ತಿದ್ದೆ.

ಸೀರೆಯನ್ನು ಕೊಟ್ಟವಳೂ ಆಕೆಯೇ. ವಿಧವೆಯಾದ ಮೇಲೆ ಉಡದೆ ಟ್ರಂಕಿನ ತಳದಲ್ಲಿ ಇಟ್ಟಿದ್ದ ಕಪ್ಪು ಚಂದ್ರಕಾಳಿ ಸೀರೆಯನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. "ಕೆಟ್ಟಾಕಿ ಅಂತ ಬತ್ತಲೆ ಬರಲಿಕ್ಕೆ ಆಗ್ತದೇನು? ಉಡು."

ತಾಲೀಮು ನಡೆಯುತ್ತಿದ್ದದ್ದು ಖಾನಾವಳಿಯಲ್ಲಿಯೇ, ರವಿವಾರ ಮಧ್ಯಾಹ್ನ ಊಟದ ಪಂಕ್ತಿ ಎದ್ದ ಮೇಲೆ. ಅತ್ತೆ ಮೂಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು. ನಾನು ಸೊಂಟದ ಮೇಲೆ ಕೈಯಿಟ್ಟು, "ಎಲೈ ಮೂಢಮತಿಯೇ! ಈ ಪ್ರಚಂಡ ಕರಾಳದೇವಿಯ ಕ್ರೋಧಾಗ್ನಿಯಲ್ಲಿ ಪತಂಗದಂತೆ ದಗ್ಧಳಾಗುವೆಯಾ?" ಎಂದು ಗರ್ಜಿಸಿ ಗಹಗಹಿಸಿದೆ. ಮಾಳಿಗೆಯ ಪಾರಿವಾಳಗಳು ಹಾರಿಹೋದವು.

"ಬಸೂ," ಎಂದಳು ಅತ್ತೆ, ಮೊರದಿಂದ ಕಣ್ಣೆತ್ತದೆ. "ಅರಮನಿ ಯಾರದು?"

"ರಾಣೀದು."

"ಸೈನ್ಯ?"

"ಆಕೀದ."

"ಎಲ್ಲಾ ಆಕೀದ ಆದ್ರ ಯಾಕ ಚೀರತಾಳ? ಚೀರೋವ್ರು ಬಾಡಿಗಿ ಇದ್ದ ಮಂದಿ."

ಗುಂಡಪ್ಪ ನಕ್ಕ. ವೆಂಕಣ್ಣನವರು ನಗಲಿಲ್ಲ, ಯೋಚಿಸಿದರು. ನಾನು ಅತ್ತೆಗೆ ರೌದ್ರರಸದ ಲಕ್ಷಣಗಳನ್ನು ಹತ್ತು ನಿಮಿಷ ವಿವರಿಸಿದೆ. ಆಕೆ ಪೂರ್ತಿ ಕೇಳಿ "ಹೌದೇನು" ಎಂದಳು. ಗೆದ್ದೆ ಎಂದುಕೊಂಡೆ.

ನಾಟಕದ ದಿನ ಬಂತು. ಸಭಾಗೃಹದ ಬಲಕ್ಕೆ ಹೆಂಗಸರು, ಎಡಕ್ಕೆ ಗಂಡಸರು, ಮುಂದೆ ಅಧ್ಯಕ್ಷತೆಗೆ ಬಂದ ನಿವೃತ್ತ ಮಾಮಲೇದಾರರು. ಆ ದಿನದ ಉತ್ತಮ ಸ್ತ್ರೀಪಾತ್ರಕ್ಕೆ ಅವರ ಕೈಯಿಂದ ಪ್ರಮಾಣಪತ್ರ ಕೊಡುವುದು ಸಂಘದ ರೂಢಿ. ಅತ್ತೆ ಹೆಂಗಸರ ಮೊದಲ ಸಾಲಿನಲ್ಲಿದ್ದಳು. ನಮ್ಮ ಬಸು ನಾಟಕ ಬರದಾನ ಎಂದು ನಲವತ್ತು ಗಿರಾಕಿಗಳಿಗೂ ಹೇಳಿ, ನಲವತ್ತೂ ಜನರನ್ನು ಕರೆತಂದಿದ್ದಳು.

ನಾನು ಪ್ರವೇಶಿಸಿದೆ. ಗಹಗಹಿಸಿದೆ. ಜನರೂ ಗಹಗಹಿಸಿದರು. ಕ್ರೋಧಾಗ್ನಿ ಎಂದಾಗ ಒಬ್ಬ ಗಿರಾಕಿ ಚಪ್ಪಾಳೆ ತಟ್ಟಿ "ಭಲೇ ಗಂಗವ್ವನ ಸ್ವಾದರಳಿಯಾ" ಎಂದ. ಗಂಡನನ್ನು ಕೊಲ್ಲಲು ಕಠಾರಿ ಎತ್ತಿದೆ, ಸೆರಗು ಅದಕ್ಕೆ ಸಿಕ್ಕಿ ಜಾರಿತು, ಸೆರಗು ಹಿಡಿಯಲು ಹೋಗಿ ಕಠಾರಿ ಬಿತ್ತು. ನನ್ನ ಗಂಡ ಸಭ್ಯ ಮನುಷ್ಯ. ಬಗ್ಗಿ ಎತ್ತಿಕೊಟ್ಟು, ಮತ್ತೆ ಹಾಸಿಗೆಯ ಮೇಲೆ ಮಲಗಿ ಸತ್ತ. ಮಾಮಲೇದಾರರು ಕಣ್ಣೊರೆಸಿಕೊಂಡರು. ಅದು ಕರುಣರಸವಾಗಿರಲಿಲ್ಲ.

ಎರಡನೆಯ ಅಂಕದಲ್ಲಿ ವಿಷದ ಹಾಲಿನ ದೃಶ್ಯ. ರಾಣಿ ಸೊಸೆಗೆ ಬಟ್ಟಲು ಕೊಡುವುದು, ಒಂದೂವರೆ ಪುಟದ ಮಾತಿನಿಂದ ಬೆದರಿಸುವುದು, ಸೊಸೆ ಬಟ್ಟಲನ್ನು ಎಸೆದು ಒಂದು ಹಾಡು ಹೇಳಿ ಪಾರಾಗುವುದು. ಬಟ್ಟಲಲ್ಲಿ ನಿಜವಾದ ಹಾಲೇ ಇತ್ತು. ಹಾಡುವವನ ಗಂಟಲಿಗೆ ಒಳ್ಳೆಯದೆಂದು ಅತ್ತೆ ಏಲಕ್ಕಿ ಹಾಕಿ ಬಿಸಿಯಾಗಿ ಕಳಿಸಿದ್ದಳು. ನಾನು ಬಟ್ಟಲು ಕೊಟ್ಟೆ. ಬಾಯಿ ತೆರೆದೆ. ಒಂದೂವರೆ ಪುಟದಲ್ಲಿ ಒಂದಕ್ಷರವೂ ಬರಲಿಲ್ಲ.

ಪರದೆಯ ಹಿಂದೆ ಮಾತು ಹೇಳಿಕೊಡಬೇಕಿದ್ದ ವೆಂಕಣ್ಣನವರು ನಗು ತಡೆಯಲಾರದೆ ಪುಟ ಕಳೆದುಕೊಂಡಿದ್ದರು. ಸಭೆ ಕಾದಿತ್ತು, ಮುಂದಿನ ನಗೆಗಾಗಿ. ಗುಂಡಪ್ಪ ಬಟ್ಟಲು ಹಿಡಿದು ನಿಂತಿದ್ದ. ನನ್ನ ಕಿವಿಯಲ್ಲಿ ಭಾಲೆಗಳು ಝಣಝಣಿಸುತ್ತಿದ್ದವು, ಒಂದಲ್ಲ, ಜೀವಮಾನಕ್ಕೆ ಸಾಲುವಷ್ಟು.

ಆಗ ಹೆಂಗಸರ ಸಾಲಿನಿಂದ ಒಂದು ದನಿ ಬಂತು. ಎತ್ತರದ್ದಲ್ಲ. ಅವಸರದ್ದೂ ಅಲ್ಲ.

"ಕುಡಿಯವ್ವಾ. ಆರತದ."

ಯಾರೂ ನಗಲಿಲ್ಲ. ನಾನು ಬರೆದ ಕ್ರೋಧಾಗ್ನಿ, ದಾವಾಗ್ನಿ, ಬಡಬಾಗ್ನಿಗಳೆಲ್ಲ ಆ ಎರಡು ಮಾತಿನ ಮುಂದೆ ಬೂದಿ. ಅಷ್ಟು ಪ್ರೀತಿಯಿಂದ, ಅಷ್ಟು ನಿಶ್ಚಿಂತೆಯಿಂದ ಸಾಯಿಸುವ ಹೆಂಗಸನ್ನು ಆ ಜನ ಯಾವ ನಾಟಕದಲ್ಲಿಯೂ ಕಂಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಕೂಸು ಅತ್ತಿತು. ಗಂಡಸರ ಕಡೆ ನಲವತ್ತು ಜನ ನೆಟ್ಟಗೆ ಕೂತರು. ನಾನೂ ಸಾವರಿಸಿಕೊಂಡು ನಿಂತೆ. ಜಗತ್ತಿನಲ್ಲಿ ಇಂಥದೊಂದು ಶಕ್ತಿಯಿದೆ, ಅದು ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದೆ ಎಂಬುದು ಅಂದು ನನಗೆ ಕಂಡಿತು.

ಮತ್ತು ಗುಂಡಪ್ಪ ಕುಡಿದುಬಿಟ್ಟ.

ಅವನೂ ಖಾನಾವಳಿಯ ಗಿರಾಕಿ. ಗಂಗವ್ವ ಕುಡಿ ಎಂದರೆ ಕುಡಿಯದಿರುವುದು ಅವನಿಗೆ ಗೊತ್ತಿರಲಿಲ್ಲ. ತಳದವರೆಗೆ ಕುಡಿದು, ಬಾಯಿ ಒರೆಸಿ, ತಾನು ಮಾಡಿದ್ದೇನೆಂದು ಹೊಳೆದು ನನ್ನ ಕಡೆ ನೋಡಿದ. ವಿಷ ಕುಡಿದ ಮೇಲೆ ಮಾಡುವುದೇನಿದೆ? ಸತ್ತ. ಪತಿವ್ರತೆ ಎರಡನೆಯ ಅಂಕದಲ್ಲಿಯೇ ಸತ್ತಳು. ಆಕೆಯನ್ನು ಐದನೆಯ ಅಂಕದಲ್ಲಿ ರಕ್ಷಿಸಬೇಕಿದ್ದ ರಾಜಕುಮಾರ ಕತ್ತಿ ಹಿಡಿದು ಬಂದು, ಹೆಣ ನೋಡಿ, ಯಾವ ಮಾತಾಡಬೇಕೆಂದು ತಿಳಿಯದೆ ಬಂದ ದಾರಿಯಲ್ಲಿ ಹೊರಟುಹೋದ. ಮೂರು ಅಂಕ ಉಳಿದಂತೆಯೇ ಪರದೆ ಬಿತ್ತು.

ಒಳಗೆ ವೆಂಕಣ್ಣನವರು ನನ್ನ ಹಸ್ತಪ್ರತಿಯನ್ನು ನನಗೆ ಮರಳಿಸಿದರು. ಮುಖ ಬಿಳುಪೇರಿತ್ತು. "ಕೆಟ್ಟಾಕಿ ಆಗ್ತಾಳ್ರಿ, ನನ್ನ ತಪ್ಪು," ಎಂದರು. "ಭಾರೀ ಆಗ್ತಾಳ. ಆದ್ರ ಅದು ನಿಮ್ಮಿಂದ ಆಗಲಿಲ್ಲ. ಭಾಲೆ ಆ ಮೂಲ್ಯಾಗ ಅದ."

ಪ್ರಮಾಣಪತ್ರದ ಹೊತ್ತಾಯಿತು. "ರಾಣಿ ಕರಾಳದೇವಿಯ ಪಾತ್ರಕ್ಕೆ," ಎಂದು ಮಾಮಲೇದಾರರು ಘೋಷಿಸಿದರು. ಆಶ್ಚರ್ಯದಿಂದ ಸೆರಗು ಸರಿಪಡಿಸಿಕೊಂಡು ಮುಂದೆ ಹೋದೆ.

"ನೀವಲ್ರಿ," ಎಂದರು ಅವರು. "ಕುಡಿಯವ್ವಾ ಅಂದವ್ರನ್ನ ಕರೀರಿ."

ಅತ್ತೆ ಬಂದಳು. ಗಂಡಸರ ಸಾಲು ತಾನಾಗಿ ಎದ್ದು ದಾರಿ ಬಿಟ್ಟಿತು. ಮಾಮಲೇದಾರರು ಹೆಸರು ಕೇಳಿ, ಬರೆಯಲು ಟಾಕು ಎತ್ತಿ, ತಡೆದರು. ಉತ್ತಮ ಸ್ತ್ರೀಪಾತ್ರದ ಆ ಪತ್ರದಲ್ಲಿ ಹೆಸರಿನ ಮುಂದೆ "ಶ್ರೀಯುತ" ಎಂದು ಮೊದಲೇ ಅಚ್ಚಾಗಿತ್ತು. ಅದುವರೆಗೆ ಗಂಡಸರಿಗಲ್ಲದೆ ಬೇರೆ ಯಾರಿಗೂ ಕೊಟ್ಟಿರಲಿಲ್ಲವಲ್ಲ. ಅವರು ಅದರ ಮೇಲೆ ಒಂದು ಗೆರೆ ಎಳೆದು, ಮೇಲೆ ಗಂಗವ್ವನ ಹೆಸರು ಬರೆದು, ಎದ್ದು ನಿಂತು ಎರಡೂ ಕೈಯಿಂದ ಕೊಟ್ಟರು.

ಅತ್ತೆ ಅದನ್ನು ಉಲ್ಟಾ ಹಿಡಿದು ನೋಡಿ ನನ್ನ ಕಡೆ ಚಾಚಿದಳು.

"ಏನ ಬರದಾರ, ಓದು."

"ಉತ್ತಮ ಪಾತ್ರ ಮಾಡಿದ್ದಕ್ಕ ಕೊಟ್ಟಾರ, ಅತ್ತಿ. ಅಷ್ಟು ಚಂದ ಹೆಂಗ ಮಾಡಿದಿ?"

"ಎಲ್ಲೀ ಪಾತ್ರಪಾ?" ಎಂದಳು ಆಕೆ. "ನಿನಗ ಮಾತ ಬರವಲ್ದು, ಆ ಹುಡುಗ ಬಟ್ಟಲಾ ಹಿಡಕೊಂಡು ಸುಮ್ನ ನಿಂತಾನ. ಚಲೋ ಹಾಲು. ಆರತಿತ್ತು. ಕುಡಿ ಅಂದೆ."