ಎರಡೂ ಮುಕ್ಕಾಲು ಕೇಜಿಯ ಮಗು

ಬೇರೆಯವರಿಗೆ ಹೇಳಿದ ಬುದ್ಧಿಮಾತು ಒಂದಲ್ಲ ಒಂದು ದಿನ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ನನ್ನ ವಿಷಯದಲ್ಲಿ ಅದು ನಾಲ್ಕು ಕೇಜಿ ಏಳುನೂರು ಗ್ರಾಂ ತೂಗುತ್ತ ಬಂತು.

ನಾನು ಶೆಟ್ಟಿಕೊಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ತಿಂಗಳಿಗೊಮ್ಮೆ ಊರಿನ ಮಕ್ಕಳನ್ನೆಲ್ಲ ತೂಗಿ ಬರೆದುಕೊಳ್ಳುವುದು ನನ್ನ ಕೆಲಸಗಳಲ್ಲಿ ಒಂದು. ತೊಲೆಗೆ ತಕ್ಕಡಿ ನೇತುಹಾಕಿ, ಅದರ ಕೊಕ್ಕೆಗೆ ಚಡ್ಡಿಯ ಹಾಗಿರುವ ಬಟ್ಟೆಯ ಚೀಲ ಸಿಕ್ಕಿಸಿ, ಮಗುವನ್ನು ಅದರೊಳಗೆ ಕೂರಿಸಬೇಕು. ಮಕ್ಕಳು ಅಳುತ್ತವೆ, ಅದು ಸಹಜ. ನನ್ನನ್ನು ಅಳಿಸಿದವರು ಅಜ್ಜಿಯರು. ಮೊಮ್ಮಗುವಿನ ತೂಕವನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎಂದು ಅವರ ನಂಬಿಕೆ. ಒಬ್ಬರು "ಇವತ್ತು ಮಂಗಳವಾರ" ಎನ್ನುತ್ತಾರೆ, ಇನ್ನೊಬ್ಬರು "ಈಗಷ್ಟೇ ಮಲಗಿದೆ" ಎನ್ನುತ್ತಾರೆ. ಅಂಗನವಾಡಿಯ ಪಕ್ಕದ ಮನೆಯ ಅಜ್ಜಿ ಇವರೆಲ್ಲರಿಗಿಂತ ಗಟ್ಟಿ. ಮೊಮ್ಮಗ ಒಂಬತ್ತು ಕೇಜಿ ತೂಗಿದ ದಿನ, "ಎಂಟು ಅಂತ ಬರ್ಕೊಳಿ ಟೀಚರೇ. ನಿಮ್ಮ ಪುಸ್ತಕ ಯಾರ್ಯಾರ ಕಣ್ಣಿಗೆ ಬೀಳುತ್ತೋ" ಎಂದರು.

"ತೂಕ ಹೇಳಿದ ಮಾತ್ರಕ್ಕೆ ಮಗು ಕರಗಿ ಹೋಗುತ್ತಾ ಅಜ್ಜಿ?" ಎಂದು ನಾನು ನಕ್ಕೆ.

"ನಿಮ್ಗೂ ಒಂದು ಆಗ್ಲಿ, ಆಮೇಲೆ ನೋಡುವ" ಎಂದರು ಅಜ್ಜಿ.

ಆಯಿತು.

ಕೊಪ್ಪದ ಬಸ್ಸು

ಏಳನೇ ತಿಂಗಳಿಗೆಲ್ಲ ನನ್ನ ಹೊಟ್ಟೆ ನೋಡಿದವರು "ಎಷ್ಟು ತಿಂಗಳು?" ಎಂದು ಕೇಳುವುದನ್ನು ಬಿಟ್ಟು "ಎಷ್ಟು ಮಕ್ಕಳು?" ಎಂದು ಕೇಳತೊಡಗಿದರು. ಡಾಕ್ಟರು ಎರಡು ಸಲ ಸ್ಕ್ಯಾನ್ ಮಾಡಿಸಿದರು. ಒಂದೇ ಮಗು, ಸ್ವಲ್ಪ ದೊಡ್ಡದು, ನನಗೆ ಸಕ್ಕರೆ ಕಾಯಿಲೆಯೇನೂ ಇಲ್ಲ, ಚೆನ್ನಾಗಿ ನಡೆಯಿರಿ ಎಂದರು.

ನಡೆಯುವುದೇನೋ ಸರಿ, ಊಟದ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷ. ಶೃಂಗೇರಿ ಕಡೆಯಿರುವ ನನ್ನ ಅಮ್ಮ ದಿನಾ ಫೋನು ಮಾಡಿ, "ಕಮ್ಮಿ ತಿನ್ನೇ, ಕೂಸು ದಪ್ಪ ಆದ್ರೆ ಹೆರೋಳು ನೀನು" ಎನ್ನುತ್ತಿದ್ದರು. ಆ ಫೋನು ಇಡುವಷ್ಟರಲ್ಲಿ ಅತ್ತೆ ತುಪ್ಪ ಹಚ್ಚಿದ ಅಕ್ಕಿರೊಟ್ಟಿ ಹಿಡಿದು ಮುಂದೆ ನಿಂತಿರುತ್ತಿದ್ದರು. ಬಸುರಿಯರು ಹೊಟ್ಟೆ ತುಂಬ ತಿನ್ನಬೇಕು ಎಂದು ಊರಿಗೆಲ್ಲ ಭಾಷಣ ಮಾಡಿದವಳು ನಾನು, ಬೇಡ ಎನ್ನುವುದು ಹೇಗೆ? ತಿಂದೆ.

ಒಂದು ದಿನ ತಪಾಸಣೆಗೆಂದು ಕೊಪ್ಪದ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ನನ್ನನ್ನು ನೋಡಿದ ಕೂಡಲೇ ಇಬ್ಬರು ಗಂಡಸರನ್ನು ಎಬ್ಬಿಸಿ ಆ ಸೀಟಿಡೀ ನನಗೆ ಕೊಟ್ಟರು. ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಂಗಸಿಗೆ ತಡೆಯಲಾಗಲಿಲ್ಲ. "ಒಬ್ರಿಗೆ ಎರಡು ಸೀಟು ಎಂತಕ್ಕೆ ಮಾರಾಯ್ರೇ?" ಎಂದು ಜಗಳಕ್ಕೇ ನಿಂತರು. ಆಮೇಲೆ ಬಗ್ಗಿ ನನ್ನನ್ನು ಸರಿಯಾಗಿ ನೋಡಿದರು.

"ಅಯ್ಯೋ, ಮೂರು ಜನ ಇದೀರಿ ಅಂತ ಮೊದ್ಲೇ ಹೇಳ್ಬಾರ್ದಾ!" ಎಂದು ಕೊಪ್ಪ ಬರುವವರೆಗೂ ನನ್ನ ಚೀಲವನ್ನು ಅವರೇ ಹಿಡಿದುಕೊಂಡು ನಿಂತಿದ್ದರು.

ನಮ್ಮದಲ್ಲ

ಬೆಳಗ್ಗೆ ತಿಂಡಿ ಹೊತ್ತಿಗೆ ಆಸ್ಪತ್ರೆಯ ಒಳಕ್ಕೆ ಹೋದವಳು ಸಂಜೆ ಕಾಫಿ ಹೊತ್ತಿಗೆ ಹೆತ್ತೆ. ನಡುವೆ ನಡೆದದ್ದನ್ನು ತಮಾಷೆ ಮಾಡಲು ನನಗೆ ಇನ್ನೂ ಬರುವುದಿಲ್ಲ. ತಲೆ ಬಂತು, ಭುಜ ಬರಲಿಲ್ಲ. ಇಬ್ಬರು ಸಿಸ್ಟರುಗಳು ನನ್ನ ಎರಡೂ ಕಾಲುಗಳನ್ನು ಎದೆಯ ಕಡೆಗೆ ಒತ್ತಿ ಹಿಡಿದರು. ಅಲ್ಲಿಯವರೆಗೆ "ಮುಕ್ಕಮ್ಮ, ಇನ್ನೊಂದ್ಸಲ ಮುಕ್ಕು" ಎಂದು ಒಂದೇ ಸಮನೆ ಹೇಳುತ್ತಿದ್ದ ಡಾಕ್ಟರು ಸುಮ್ಮನಾದರು. ಅವರು ಸುಮ್ಮನಾದದ್ದಕ್ಕೆ ನನಗಾದ ಹೆದರಿಕೆ ಅಷ್ಟೂ ನೋವಿಗೆ ಆಗಿರಲಿಲ್ಲ. ಮಗು ಹೋಯಿತು ಎಂದೇ ಅಂದುಕೊಂಡೆ. ಆಮೇಲೆ ಒಂದು ಕೂಗು ಕೇಳಿತು. ಅದು ನನ್ನದಲ್ಲ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಹೆಣ್ಣು ಮಗು. ಸಿಸ್ಟರು ತಕ್ಕಡಿಯ ಮೇಲಿಟ್ಟು ನೋಡಿದರು. ನಂಬಿಕೆ ಬಾರದೆ ಎತ್ತಿ ಮತ್ತೆ ಇಟ್ಟರು. "ನಾಲ್ಕು ಏಳುನೂರು! ಇದನ್ನ ಎತ್ಕೊಂಡು ಹೋಗೋದು ಬೇಡ, ನಡ್ಕೊಂಡೇ ಹೋಗುತ್ತೆ" ಎಂದರು. ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ ನನಗೆ ನಕ್ಕರೆ ನೋವು, ಅತ್ತರೂ ನೋವು.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ನನ್ನ ಗಂಡನಿಗೆ ತೋರಿಸಿದರಂತೆ. ತುಂಬಿದ ಕೆನ್ನೆ, ತಲೆ ತುಂಬ ಕೂದಲು, ಕಣ್ಣು ಬಿಟ್ಟುಕೊಂಡು ಸುತ್ತ ನೋಡುತ್ತಿದೆ. ಈ ಪುಣ್ಯಾತ್ಮ ಎರಡು ಹೆಜ್ಜೆ ಹಿಂದೆ ಸರಿದು ಹೇಳಿದ್ದಿಷ್ಟು:

"ಇದು ನಮ್ದಲ್ಲ ಸಿಸ್ಟರ್. ನಮ್ದು ಈಗಷ್ಟೇ ಹುಟ್ಟಿದ್ದು."

ಪಕ್ಕದ ಹಾಸಿಗೆ

ಅಮ್ಮ ಹಳೆಯ ಪಂಚೆ ಹರಿದು ಆರು ಅಂಗಿ ಹೊಲಿದು ತಂದಿದ್ದರು. ಒಂದರಲ್ಲೂ ಮಗಳ ಕೈ ಹೋಗಲಿಲ್ಲ. ಟೊಪ್ಪಿಯಂತೂ ನೆತ್ತಿಯ ಮೇಲೆ ಕೂತುಕೊಂಡಿತೇ ಹೊರತು ಕೆಳಗಿಳಿಯಲಿಲ್ಲ. ಗಂಡ ಬಟ್ಟೆ ಅಂಗಡಿಗೆ ಹೋಗಿ ಆರು ತಿಂಗಳ ಮಗುವಿನ ಅಂಗಿ ತಂದ.

ನೋಡಲು ಬಂದವರು ಮೊದಲು ಕೇಳುವುದು ಗಂಡೋ ಹೆಣ್ಣೋ, ಎರಡನೆಯದು ತೂಕ. ಆ ಹೊತ್ತಿಗೆ ನನಗೂ ಅದು ಬೇಕಾಗಿತ್ತು. ನಾಲ್ಕು ಏಳುನೂರು ಎಂದರೆ ಅವರು ಕಣ್ಣರಳಿಸಬೇಕು, "ಅಬ್ಬಾ, ಎಷ್ಟು ಕಷ್ಟಪಟ್ಟೆ ಮಾರಾಯ್ತಿ" ಎನ್ನಬೇಕು. ಇಷ್ಟೇ ನನ್ನ ಆಸೆ. ಮೊದಲನೆಯವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತ ಹೇಳಿದರು:

"ಎರಡೂ ಮುಕ್ಕಾಲು."

ನಾನು ಪಟ್ಟ ಪಾಡಿನಲ್ಲಿ ಎರಡು ಕೇಜಿಯನ್ನು ಒಂದೇ ಮಾತಿಗೆ ಕಳೆದುಬಿಟ್ಟರಲ್ಲ! ಅವರು ಹೋದ ಮೇಲೆ ಕೇಳಿದರೆ, "ಸುಮ್ನಿರೇ. ಕಣ್ಣು ಬಿದ್ರೆ ಕೂಸಿಗೆ ಆಗೋದು, ನಿಂಗಲ್ಲ" ಎಂದರು. ಸಂಜೆಯೊಳಗೆ ಇಡೀ ವಾರ್ಡಿಗೆ ನಮ್ಮ ಮಗು ಎರಡೂ ಮುಕ್ಕಾಲು.

ಪಕ್ಕದ ಹಾಸಿಗೆಯಲ್ಲೊಬ್ಬಳು ಬಾಣಂತಿ. ಅವಳ ಮಗು ನಿಜವಾಗಿಯೂ ಎರಡೂ ಮುಕ್ಕಾಲು. ಅವಳ ತಾಯಿ ತಮ್ಮ ಮಗುವನ್ನು ನೋಡಿದರು, ನಮ್ಮದನ್ನು ನೋಡಿದರು, ಮತ್ತೆ ತಮ್ಮದನ್ನು ನೋಡಿದರು. ಆಮೇಲೆ ಎದ್ದು ಸಿಸ್ಟರ ಮೇಜಿನ ಹತ್ತಿರ ಹೋಗಿ ದಬಾಯಿಸಿದರು:

"ನಿಮ್ಮ ತಕ್ಕಡಿ ಸರಿ ಇಲ್ಲ. ಬಡವರ ಮಕ್ಕಳಿಗೊಂದು ತೂಕ, ಅವರಿಗೊಂದು ತೂಕವಾ?"

ನೀರು ಹಾಕುವ ಅಜ್ಜಿ

ಬಾಣಂತನಕ್ಕೆ ಶೃಂಗೇರಿ ಕಡೆಯ ಅಮ್ಮನ ಮನೆಗೆ ಹೋದೆ. ಅಲ್ಲಿಗೂ ಎರಡೂ ಮುಕ್ಕಾಲು ನನಗಿಂತ ಮೊದಲೇ ತಲುಪಿತ್ತು. ಅತ್ತೆ ಫೋನು ಮಾಡಿ ಅಮ್ಮನಿಂದ ಮಾತು ತೆಗೆದುಕೊಂಡಿದ್ದರು. ಊಟದ ವಿಷಯದಲ್ಲಿ ಏಳು ತಿಂಗಳು ಒಂದಾಗದ ಇಬ್ಬರೂ ಈ ವಿಷಯದಲ್ಲಿ ಒಂದೇ ಪಕ್ಷ.

ಹೊಲಿಗೆ ಬೇಗ ಮಾಯಲಿಲ್ಲ. ಕೂರಬೇಕಾದರೆ ಗೋಡೆ ಹಿಡಿಯಬೇಕು, ಏಳಬೇಕಾದರೆ ಅಮ್ಮನ ಕೈ ಹಿಡಿಯಬೇಕು. ಒಂದು ಮಧ್ಯಾಹ್ನ ನೋಡಲು ಬಂದ ಪಕ್ಕದ ಮನೆಯ ಅತ್ತಿಗೆ ಇದನ್ನು ನೋಡಿ, "ಎರಡೂ ಮುಕ್ಕಾಲಿಗೆ ಇಷ್ಟು ನರಳಾಟವಾ? ನಾನು ಮೂರು ಕೇಜಿ ಹೆತ್ತು ಹತ್ತನೇ ದಿನಕ್ಕೆ ಬಟ್ಟೆ ಒಗೆದವಳು" ಎಂದರು. ಅವರ ಮುಂದೆ ನಕ್ಕೆ. ಅವರು ಹೋದ ಮೇಲೆ ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ನೋವಿಗೆ ಅತ್ತದ್ದಲ್ಲ. ಅಷ್ಟೆಲ್ಲ ಪಟ್ಟದ್ದು ಯಾರ ಲೆಕ್ಕಕ್ಕೂ ಇಲ್ಲವಲ್ಲ ಎಂದು ಸಂಕಟವಾಯಿತು.

ಹಾಗಾದರೆ ನೀನೇ ನಿಜ ಹೇಳಬಹುದಿತ್ತಲ್ಲ ಎಂದು ಕೇಳುತ್ತೀರಿ. ಹೇಳುವವಳೇ ಇದ್ದೆ. ಮರುದಿನ ಇನ್ನೊಬ್ಬರು ಬಂದು ತೂಕ ಕೇಳಿದಾಗ ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ತೊಟ್ಟಿಲಲ್ಲಿ ಮಗಳು ಒಂದು ಸೀನು ಸೀನಿದಳು. ಊರಿನ ಅಜ್ಜಿಯರಿಗೆಲ್ಲ ಬುದ್ಧಿ ಹೇಳಿದ ಟೀಚರ ಬಾಯಿಂದ ಹೊರಟದ್ದು, "ಎರಡೂ ಮುಕ್ಕಾಲು."

ನಿಜ ಕಂಡುಹಿಡಿದವರು ಮಗುವಿಗೆ ನೀರು ಹಾಕಲು ಬರುತ್ತಿದ್ದ ಅಜ್ಜಿ. ಮಣೆಯ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು ಅವರ ಕೆಲಸ. ಊರಿನ ಅರ್ಧ ಜನ ಅವರ ಕಾಲ ಮೇಲೆಯೇ ಸ್ನಾನ ಮಾಡಿದವರು. ಮೊದಲನೇ ದಿನ ಮಗಳನ್ನು ಮಲಗಿಸಿಕೊಂಡರು. ಎರಡು ತಂಬಿಗೆ ನೀರು ಹೊಯ್ಯುವಷ್ಟರಲ್ಲಿ ಕಾಲು ಜೋಮು ಹಿಡಿಯಿತು. ಬಚ್ಚಲಿಂದಲೇ ಕೂಗಿದರು:

"ಎರಡೂ ಮುಕ್ಕಾಲು ಅಂದೋರು ಯಾರೇ? ಬಾಕಿ ಸ್ನಾನ ಅವರೇ ಬಂದು ಮಾಡಿಸ್ಲಿ!"

ತೂಕದ ದಿನ

ರಜೆ ಮುಗಿಸಿ ಅಂಗನವಾಡಿಗೆ ಹಿಂದಿರುಗಿದ ಮೊದಲ ವಾರವೇ ತೂಕದ ದಿನ ಬಂತು. ಮಗಳನ್ನೂ ತೂಗಬೇಕು, ಹುಟ್ಟಿದ ತೂಕವನ್ನೂ ಪುಸ್ತಕಕ್ಕೆ ಸೇರಿಸಬೇಕು. ಅದು ಆಸ್ಪತ್ರೆಯವರು ಬರೆದುಕೊಟ್ಟ ತಾಯಿ ಕಾರ್ಡಿನಲ್ಲಿದೆ. ಕಾರ್ಡು ಅತ್ತೆಯ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿದೆ. ಕೇಳಿದಾಗಲೆಲ್ಲ, "ಎಲ್ಲಿಟ್ಟೆನೋ ಮಾರಾಯ್ತಿ, ನೆನಪೇ ಇಲ್ಲ" ಎನ್ನುತ್ತಿದ್ದರು.

ಅವತ್ತು ಅತ್ತೆಯೂ ಹೊರಟರು. ಗಂಡ ತನ್ನ ಗೂಡ್ಸ್ ಆಟೋದಲ್ಲಿ ನಮ್ಮನ್ನು ತಂದು ಬಿಟ್ಟು ಹೊರಗೇ ಕಾಯುತ್ತ ಕೂತ. ಒಳಗೆ ನೋಡಿದರೆ ಅಜ್ಜಿಯರ ಸಂತೆ! ಮನೆಮನೆಗೆ ಹೋಗಿ ಕೈಮುಗಿದು ಕರೆದರೂ ಬಾರದವರು, ಟೀಚರು ತನ್ನ ಮಗುವನ್ನು ತೂಗುತ್ತಾಳೋ ಇಲ್ಲವೋ ನೋಡಲು ತಾವಾಗಿಯೇ ಬಂದಿದ್ದರು.

ಮಗಳನ್ನು ಚೀಲದಲ್ಲಿ ಕೂರಿಸಿದೆ. ತೊಡೆ ಸಿಕ್ಕಿಕೊಂಡು ಒಳಗೆ ಇಳಿಸಲು ಸಹಾಯಕಿಯೂ ಕೈ ಹಾಕಬೇಕಾಯಿತು. ತೊಲೆ ಕಿರ್ ಎಂದಿತು. ಧೈರ್ಯ ಮಾಡಿ ಜೋರಾಗಿಯೇ ಓದಿದೆ: "ಒಂಬತ್ತು ಕೇಜಿ ಇನ್ನೂರು."

"ಹುಟ್ದಾಗ ಎಷ್ಟಿತ್ತು ಟೀಚರೇ?" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದರು.

ನಾನು ಅತ್ತೆಯ ಮುಖ ನೋಡಿದೆ. ಅಜ್ಜಿ ಕಾಯಲಿಲ್ಲ. "ಎರಡೂ ಮುಕ್ಕಾಲು ಅಂತ ನಿಮ್ಮತ್ತೆ ಹೇಳಿದ್ರಪ್ಪ. ಅಷ್ಟು ಸಣ್ಣ ಕೂಸು ಹೆತ್ತು ಮೂರು ತಿಂಗಳು ಗೋಡೆ ಹಿಡ್ಕೊಂಡು ನಡೆದ್ರಂತೆ. ಈಗಿನೋರಿಗೆ ತ್ರಾಣವೇ ಇಲ್ಲ ಬಿಡಿ."

ನಾಲ್ಕು ಜನ ನಕ್ಕರು. ಅತ್ತೆ ನಗಲಿಲ್ಲ. ತಮ್ಮ ಕೈಚೀಲಕ್ಕೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಅದರೊಳಗಿನಿಂದ ತಾಯಿ ಕಾರ್ಡು ಬಂತು.

"ಓದೇ. ಎಲ್ಲರಿಗೂ ಕೇಳೋ ಹಾಗೆ ಓದು" ಎಂದರು.

ಓದಿದೆ. ನಾಲ್ಕು ಕೇಜಿ ಏಳುನೂರು ಗ್ರಾಂ.

"ಕೇಳಿದ್ರಾ? ಭುಜ ಸಿಕ್ಕಾಕ್ಕೊಂಡಿತ್ತು. ಬಾಗಿಲ ಹೊರಗೆ ನಿಂತು ಎಲ್ಲ ಕೇಳಿದೀನಿ ನಾನು. ಇವಳು ಎದ್ದು ನಡೆದಿದ್ದೇ ಹೆಚ್ಚು. ಬಾಯಿ ಮುಚ್ಚಿಸಿದ್ದು ನಾನು, ತಪ್ಪು ನಂದು" ಎಂದರು ಅತ್ತೆ. ಆರು ತಿಂಗಳು ಕಾದ ಮಾತು ಅದು. ಅಷ್ಟು ಜನರ ಮುಂದೆಯೇ ನಾನು ಅತ್ತುಬಿಟ್ಟೆ, ನಾಚಿಕೆಯೂ ಆಗಲಿಲ್ಲ.

ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. "ನಮ್ಮತ್ತೆಯೂ ಹೀಗೇ. ನನ್ನ ಮಗನ್ನ ಹೆತ್ತಾಗ ಸಣ್ಣ ಕೂಸು, ಸಣ್ಣ ಕೂಸು ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಮನೇಲೇ ಹೆರಿಗೆ, ತೂಗಿದೋರು ಯಾರು? ಸಣ್ಣ ಕೂಸಿಗೆ ಎಂಥ ಬಾಣಂತನ ಅಂತ ಹದಿನೈದನೇ ದಿನಕ್ಕೆ ರುಬ್ಬೋಕೆ ಕೂರಿಸಿದ್ರು. ಮೂವತ್ತನಾಲ್ಕು ವರ್ಷ ಆಯ್ತು, ನಾನು ಹೆತ್ತಿದ್ದು ಎಷ್ಟು ಅಂತ ನಂಗೇ ಗೊತ್ತಿಲ್ಲ."

ಅತ್ತೆ ಬಾಗಿಲ ಕಡೆ ತಿರುಗಿ, "ಬಾರೋ ಇಲ್ಲಿ!" ಎಂದು ಕೂಗಿದರು. ಆಟೋದಲ್ಲಿ ಫೋನು ನೋಡುತ್ತಿದ್ದ ನನ್ನ ಗಂಡ ಏನಾಯಿತೋ ಎಂದು ಓಡಿ ಬಂದ. ಬಸುರಿಯರನ್ನು ತೂಗುವ ತಕ್ಕಡಿ ನೆಲದ ಮೇಲಿತ್ತು. ಅತ್ತೆ ಅದನ್ನು ತೋರಿಸಿದರು.

"ಚಪ್ಪಲಿ ಬಿಟ್ಟು ಹತ್ತು."

"ಎಂತಕ್ಕಮ್ಮ?"

"ಹತ್ತು ಅಂದ್ರೆ ಹತ್ತು ಮಾರಾಯ."

ಹತ್ತಿದ. ನಾನು ಬಗ್ಗಿ ನೋಡಿ, "ಎಂಬತ್ತಾರು ಅತ್ತೆ" ಎಂದೆ.

ಅತ್ತೆ ಸೆರಗು ಸರಿಮಾಡಿಕೊಂಡು ಎಲ್ಲರನ್ನೂ ಒಮ್ಮೆ ನೋಡಿದರು. "ಎಂಬತ್ತಾರು ಕೇಜಿ. ಹೆತ್ತಿದ್ದು ನಾನು. ಬರ್ಕೊಳೇ ಪುಸ್ತಕದಲ್ಲಿ."

ಮೂವತ್ತನಾಲ್ಕು ವರ್ಷದ ಮಗುವಿಗೆ ನಮ್ಮ ಪುಸ್ತಕದಲ್ಲಿ ಜಾಗವಿಲ್ಲ. ಪುಟದ ಅಂಚಿನಲ್ಲಿ ಬರೆದೆ. ಅತ್ತೆ ಸೆರಗಿನ ಗಂಟು ಬಿಚ್ಚಿ, ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದ ಉಪ್ಪು ಮೆಣಸಿನಕಾಯಿ ತೆಗೆದು, ಮೊಮ್ಮಗಳಿಗೆ, ನನಗೆ, ಎಂಬತ್ತಾರು ಕೇಜಿಯ ಮಗನಿಗೆ, ಮೂವರಿಗೂ ಸೇರಿಸಿ ದೃಷ್ಟಿ ತೆಗೆದರು.

ಎಲ್ಲರೂ ಹೋದ ಮೇಲೆ ಪಕ್ಕದ ಮನೆಯ ಅಜ್ಜಿ ಮಾತ್ರ ಬಾಗಿಲಲ್ಲೇ ನಿಂತಿದ್ದರು.

"ನಾಳೆ ತೆಗ್ದಿರ್ತೀರಲ್ಲ ಟೀಚರೇ?"

"ಹೌದಜ್ಜಿ. ಮೊಮ್ಮಗನ್ನ ತೂಗಿಸ್ಬೇಕಾ?"

"ಅವನು ಇರ್ಲಿ ಬಿಡಿ. ನನ್ನ ಮಗನ್ನ ಕರ್ಕೊಂಡು ಬರ್ತೀನಿ, ಲಾರಿ ಓಡಿಸ್ತಾನಲ್ಲ, ಅವನು" ಎಂದು ಅಜ್ಜಿ ನನ್ನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಎಂಬತ್ತಾರಕ್ಕೆಲ್ಲ ನಿಲ್ಲೋನಲ್ಲ ಅವನು. ಎಷ್ಟು ಬರುತ್ತೋ ಅಷ್ಟೂ ಬರ್ಕೊಳಿ, ಒಂದು ಗ್ರಾಮೂ ಕಮ್ಮಿ ಮಾಡ್ಬೇಡಿ."