ಆಟೋದ ಮುಖ ಎಷ್ಟು ಚದರ ಮೀಟರ್?

ವಿಜ್ಞಾನದ ಮೇಷ್ಟ್ರಾದ ನನ್ನ ಮನೆಗೆ ಹಳೆಯ ವಿದ್ಯಾರ್ಥಿಗಳು ತಪ್ಪು ಉತ್ತರ ಹಿಡಿದು ಬರುವುದು ನಿಲ್ಲುವುದೇ ಇಲ್ಲ. ಈ ಸಲ ಬಂದವಳು ಕೊರಟಗೆರೆಯ ಆಟೋ ಡ್ರೈವರೊಬ್ಬರ ಮಗಳು, ಇಂಜಿನಿಯರಿಂಗ್ ಕೊನೆಯ ವರ್ಷ. ಗಾಳಿ ಸೀಳಲೆಂದು ಅಪ್ಪ ಆಟೋ ನೆತ್ತಿಗೆ ಓರೆಯಾಗಿ ಬೋರ್ಡು ಕೂರಿಸಿ, ‘ಇಂಜಿನಿಯರ್ ಮಗಳು’ ಎಂದು ಬರೆಸಿದ್ದರು. ಅದರಿಂದ ಲಾಭವಿದೆಯೇ ಎಂದು ಕಂಪ್ಯೂಟರಿನಲ್ಲಿ ಗಾಳಿ ಹರಿಸಿ ನೋಡುವುದೇ ಅವಳ ಪ್ರಾಜೆಕ್ಟು. ಇಲ್ಲವೆಂದಾದರೆ ಬೋರ್ಡು ಇಳಿಯಬೇಕು.

ನೆರಳು

ಒಂದು ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆಂದು ಹೇಳುವ ಡ್ರ್ಯಾಗ್ ಗುಣಾಂಕ ಬೇಕಾದರೆ ಗಾಳಿಯ ತಡೆಯನ್ನು, ವೇಗದಿಂದ ಬರುವ ಒತ್ತಡದ ಜೊತೆಗೆ ಒಂದು ವಿಸ್ತೀರ್ಣದಿಂದಲೂ ಭಾಗಿಸಬೇಕು.

“ಯಾವ ವಿಸ್ತೀರ್ಣ ಸಾರ್?”

“ಎದುರಿನಿಂದ ಕಾಣುವಷ್ಟು. ನೆರಳು ಅಂದುಕೋ.”

ಅವಳು ಸಂಜೆ ಐದಕ್ಕೆ ನೆಲದ ಮೇಲಿನ ನೆರಳನ್ನೇ ಟೇಪು ಹಿಡಿದು ಅಳೆದಳು. ಒಂಬತ್ತು ಚದರ ಮೀಟರ್!

“ಆಟೋನ ಬಸ್ ಮಾಡ್ಬುಟ್ಟೆ ಕಣಮ್ಮ,” ಎಂದರು ಅಪ್ಪ. “ಪರ್ಮಿಟ್ ಯಾರು ಕೊಡ್ತಾರೆ?”

ಅರ್ಧ

ನನ್ನ ಹೆಂಡತಿ ಗಣಿತದ ಟೀಚರ್ ಆಗಿದ್ದಳು. ಅವಳು ತೀರಿಕೊಂಡ ಮೇಲೆ ಅವಳ ಬೀರು ತೆರೆದಿರಲಿಲ್ಲ. ಆ ದಿನ ತೆರೆದು ಗ್ರಾಫ್ ಹಾಳೆ ತೆಗೆದೆ. ಆಟೋದ ಎದುರಿನ ಚಿತ್ರ ಬರೆದು, ಅವಳು ಹೇಳಿಕೊಡುತ್ತಿದ್ದಂತೆ ಅರ್ಧಕ್ಕಿಂತ ಹೆಚ್ಚು ತುಂಬಿದ ಚೌಕವನ್ನು ಒಂದೆಂದು, ಕಡಿಮೆಯಿದ್ದುದನ್ನು ಬಿಟ್ಟು ಎಣಿಸಿದೆವು. ಬೋರ್ಡಿಲ್ಲದೆ ಎರಡು ಚದರ ಮೀಟರ್.

ಮರುದಿನ ಹುಡುಗಿಯ ಪ್ರಾಜೆಕ್ಟಿನ ಜೊತೆಗಾರ, ಸಿರಾದ ಅಂಗಡಿಯವರ ಮಗ, ಓಡಿ ಬಂದ. “ಸಾರ್, ಮಾಶಾ ಅಲ್ಲಾ! ಗುಣಾಂಕ ಬರೀ 0.25! ನಮ್ಮ ಆಟೋ ದುಬಾರಿ ಕಾರನ್ನೂ ಮೀರಿಸಿದೆ!”

ಕಂಪ್ಯೂಟರಿಗೆ ಭಾರವಾಗುತ್ತದೆಂದು ಆಟೋವನ್ನು ಉದ್ದಕ್ಕೆ ಸೀಳಿ ಅರ್ಧಕ್ಕೆ ಮಾತ್ರ ಗಾಳಿ ಬಿಟ್ಟಿದ್ದರು. ತಡೆ ಅರ್ಧವಾಗಿತ್ತು, ಭಾಗಿಸಿದ ವಿಸ್ತೀರ್ಣ ಮಾತ್ರ ಇಡಿಯಾಗಿಯೇ ಇತ್ತು.

ಅಪ್ಪ ಪರದೆಗೆ ಬಗ್ಗಿದರು. “ಆಟೋದಲ್ಲಿ ಡ್ರೈವರ್ ಕೂರೋದು ಮಧ್ಯಕ್ಕೆ. ನನ್ನೂ ಕುಯ್ದ್ಬುಟ್ರಾ?”

ಬೋರ್ಡು

ಕೊನೆಗೆ ಲೆಕ್ಕ ಸರಿಯಾಯಿತು. ಬೋರ್ಡಿಲ್ಲದೆ ಗುಣಾಂಕ 0.50, ಬೋರ್ಡಿದ್ದರೆ 0.45. ಅಪ್ಪ ಮೀಸೆ ತಿರುವಿದರು.

“ಬೋರ್ಡಿದ್ದಾಗ ವಿಸ್ತೀರ್ಣ?” ಎಂದೆ.

“2.4 ಸಾರ್.”

“ಗುಣಿಸು.”

ಬೋರ್ಡಿಲ್ಲದೆ 1.00, ಬೋರ್ಡಿದ್ದರೆ 1.08. ಗುಣಾಂಕ ಇಳಿದಿತ್ತು, ತಡೆ ಏರಿತ್ತು. ಹುಡುಗಿ ಅಪ್ಪನ ಮುಖ ನೋಡಲಿಲ್ಲ.

ಕಾಲೇಜಿನಲ್ಲಿ ಅದನ್ನೇ ಹೇಳಿದಳು: ಬೋರ್ಡಿನಿಂದ ನಷ್ಟ. ಪಾಸಾದಳು. ಆ ಭಾನುವಾರ ಸಿಹಿ ಕೊಡಲು ಅಪ್ಪ ಮಗಳು ಬಂದರು. ಆಟೋದ ಹಣೆ ಬೋಳಾಗಿತ್ತು.

“ಬಿಚ್ಚಿಬಿಟ್ಟಿರಾ?” ಎಂದೆ.

“ಎಲ್ಲಿ ಬಿಚ್ತೀನಿ ಮೇಷ್ಟ್ರೇ? ಟಾಪ್ ಮೇಲೆ ಅಂಗಾತ ಮಲಗ್ಸಿವ್ನಿ. ಎದುರಿಂದ ನೋಡಿ, ವಿಸ್ತೀರ್ಣ ಎಷ್ಟದೆ?”

“ಏನೂ ಇಲ್ಲ. ಆದರೆ ಓದುವವರು ಯಾರು?”

“ಸಿದ್ದರಬೆಟ್ಟ ಹತ್ತಿದೋರೆಲ್ಲ ಮೇಲಿಂದ ಓದ್ತಾರೆ ಬುಡಿ!”