ತಟ್ಟಿಯ ಹಿಂದಿನ ಹೋರಾಟಗಾರ

ಶಿರಾಲಿಯ ತಿಮ್ಮಪ್ಪನಿಗೆ ಸರ್ಕಾರದ ಮೇಲೆ ಸಿಟ್ಟು ಬಂದರೆ ಭಟ್ಕಳಕ್ಕೆ ಹೋಗಿ ಧರಣಿ ಕೂರಬಹುದಿತ್ತು. ಹೆಂಡತಿಯ ಮೇಲೆ ಬಂದರೆ ಕೂರಲು ಇದ್ದದ್ದು ಒಂದೇ ಜಾಗ. (ಅದನ್ನೂ ಈ ಸಲ ಸರ್ಕಾರ ದುಡ್ಡು ಕೊಟ್ಟು ಮುಚ್ಚಿಸಿತು.)

ಮಳೆಯ ಎರಚಲು ತಡೆಯಲು ಗೋಡೆಯ ಹೊರಗೆ ಕಟ್ಟುವ ತೆಂಗಿನ ಗರಿ ಹೆಣೆದ ಮಡ್ಲಿನ ತಟ್ಟಿಯ ಹಿಂದೆ ಆ ಜಾಗ. ಒಬ್ಬ ಮನುಷ್ಯ, ಒಂದು ಬೀಡಿ ಹಿಡಿಸುವಷ್ಟು ಸಂದಿ. ಬೀಡಿ ಬಿಟ್ಟೆ ಎಂದು ಹೆಂಡತಿ ದೇವಿಯ ತಲೆ ಮುಟ್ಟಿ ಆಣೆ ಹಾಕಿದ ಮೇಲಂತೂ ಅದು ಅವನಿಗೆ ಸ್ವರ್ಗವಾಗಿತ್ತು.

ಗಾಳಿಮಳೆಗೆ ಬಡವರ ಮನೆ ಭದ್ರ ಮಾಡಲು ಹಣ ಕೊಡಿ, ಆ ಕೆಲಸವನ್ನು ಊರಿನ ಹೆಂಗಸರಿಗೇ ಕಲಿಸಿ, ಕೂಲಿ ಅವರ ಕೈಗೇ ಕೊಡಿ, ಗಂಡಸರ ಕೈಗೆ ಬೇಡ ಎಂದು ತಾಲೂಕು ಕಚೇರಿಯ ಮುಂದೆ ಗಂಟಲು ಹರಿದುಕೊಂಡವನು ಇದೇ ತಿಮ್ಮಪ್ಪ. ಬೇಡಿಕೆ ಈಡೇರಿದ ಅನುಭವ ಅವನಿಗೆ ಹಿಂದೆಂದೂ ಇರಲಿಲ್ಲ. ಇದು ಈಡೇರಿಬಿಟ್ಟಿತು. ಕೆಲಸ ಕಲಿಯಲು ದೇವಿಯೇ ಮೊದಲು ಸೇರಿದಳು. "ಕಲಿಯೂಕೆ ಮೊದಲ ಮನೆ ನಂದೇ ಆಗ್ಲಿ" ಎಂದು ತ್ಯಾಗವೀರ ತಿಮ್ಮಪ್ಪ ಸಭೆಯಲ್ಲಿ ಘೋಷಿಸಿದ.

ಹೆಂಗಸರು ಕರಣಿ ಹಿಡಿದು ಬಂದರು.

"ನಿಮಗೆ ಇಲ್ಲಿ ಎಂತ ಕೆಲ್ಸ? ಹೊರಗೆ ನಡೀರಿ" ಎಂದಳು ದೇವಿ.

"ಇದು ನನ್ನ ಹೋರಾಟದ ಫಲ, ಮಾರಾಯ್ತಿ."

"ಆತು, ಹಣ್ಣಾದ ಮೇಲೆ ಕರೀತೆ."

ತಿಮ್ಮಪ್ಪ ಸ್ವರ್ಗದ ದಾರಿ ಹಿಡಿದ.

ಒಳಗೆ, ಕುಮಟೆಯಿಂದ ಕಲಿಸಲು ಬಂದಿದ್ದ ಸ್ಮೃತಿ ಮೇಡಂ ಬಾಗಿಲು ಕಿಟಕಿ ಮುಚ್ಚಿಸಿದರು. "ಊದುಬತ್ತಿ ಹಚ್ಚಿ ಗೋಡೆಯುದ್ದಕ್ಕೂ ಹಿಡೀರಿ. ಹೊಗೆ ಎಲ್ಲಿ ಅಲುಗ್ತದೋ ಅಲ್ಲಿ ಬಿರುಕು."

ದೇವಿ ಬೆಂಕಿಪೊಟ್ಟಣ ಹುಡುಕಿದಳು. ಇರಲಿಲ್ಲ. ಅಷ್ಟರಲ್ಲಿ ಕಿಟಕಿಯ ಚೌಕಟ್ಟಿನ ಬಿರುಕಿನಿಂದ ಹೊಗೆ ತಾನಾಗಿಯೇ ಒಳಗೆ ಬಂತು.

"ಮೇಡಂ, ನಾವಿನ್ನೂ ಹಚ್ಚೇ ಇಲ್ಲ" ಎಂದಳು ಪಕ್ಕದ ಮನೆಯ ದೀಕ್ಷಾ.

"ಹಚ್ಚಿದವ್ರು ಹೊರಗೆ" ಎಂದಳು ದೇವಿ. ಗಂಡನನ್ನು ಹೆಸರು ಹಿಡಿದು ಕರೆಯುವ ರೂಢಿ ಅವಳಿಗಿಲ್ಲ. ಬಿರುಕಿಗೆ ಬಾಯಿಟ್ಟು ಕೂಗಿದಳು: "ನಮ್ಮ ಬೇಡಿಕೆ…"

"ಈಡೇರಲೇಬೇಕು" ಎಂದಿತು ಗೋಡೆ.

(ಹೋರಾಟಗಾರನ ಗಂಟಲಿಗೆ ತಲೆಯ ಅಪ್ಪಣೆ ಬೇಕಿಲ್ಲ.) ಮುಷ್ಟಿಯೂ ಮೇಲೆದ್ದಿರಬೇಕು, ತಟ್ಟಿಯ ಕಟ್ಟು ಹರಿದು, ಮಡ್ಲಿನ ಸಮೇತ ತಿಮ್ಮಪ್ಪ ಅಂಗಳಕ್ಕೆ ಉರುಳಿದ.

ದೇವಿ ಬಂದು ಅವನ ಬೆನ್ನಿನ ಕಸ ಕೊಡವಿದಳು. ಕೈಯ ಬೀಡಿ ಕಿತ್ತುಕೊಂಡು, ಅದರ ಕೆಂಡದಲ್ಲೇ ಊದುಬತ್ತಿ ಹಚ್ಚಿಕೊಂಡಳು.

"ನನ್ನ ತಲೆ ಮುಟ್ಟಿ ಆಣೆ ಹಾಕಿದ್ರಲ್ಲ. ತಲೆ ಗಟ್ಟಿ ಇದ್ದದ್ದಕ್ಕೆ ಉಳ್ಕಂಡೆ. ಏಳಿ, ಗಾರೆ ಹೊರಿ."

ಸಂಜೆಯೊಳಗೆ ಬಿರುಕಿಗೆ ಗಾರೆ ಬಿತ್ತು, ತಟ್ಟಿಯ ಜಾಗಕ್ಕೆ ಗೋಡೆಗಂಟಿಕೊಂಡು ತಗಡಿನ ಶೀಟು ಬಂತು. ತನ್ನ ಸ್ವರ್ಗ ಮುಚ್ಚಲು ಬುಟ್ಟಿಗಟ್ಟಲೆ ಗಾರೆ ಹೊತ್ತ ತಿಮ್ಮಪ್ಪ ಸೊಂಟ ಹಿಡಿದುಕೊಂಡು ಕೇಳಿದ, "ನನ್ನ ಕೂಲಿ?"

"ಗಂಡಸ್ರ ಕೈಗೆ ಕೊಡೂದಿಲ್ಲ" ಎಂದಳು ದೇವಿ. "ನಿಮ್ದೇ ಬೇಡಿಕೆ."